ಅಣ್ಣನ ಹೊಲದ ಬೀಜ

ನನ್ನ ನಾದಿನಿಯನ್ನು ರೈತರು ಕಳೆಯಮ್ಮ ಎಂದು ಕರೆಯುತ್ತಾರೆ, ಅದೂ ಎದುರಿಗೇ. ರೈತ ಕೇಂದ್ರದಲ್ಲಿ ಗೋಧಿ ಬೆಳೆಯುವವರಿಗೆ ಸಲಹೆ ಕೊಡುವುದು ಅವಳ ಕೆಲಸ. ಮಳೆಯನ್ನೇ ನಂಬಿದ ಹೊಲದಲ್ಲಿ ಇರುವ ಅಷ್ಟಿಷ್ಟು ತೇವವನ್ನೂ ಕಳೆ ಕುಡಿದುಬಿಟ್ಟರೆ ಗೋಧಿಗೆ ಉಳಿಯುವುದೇನು ಎಂದು ಸ್ಕೂಟರಿನಲ್ಲಿ ಸುತ್ತಿ ಸುತ್ತಿ ಹೇಳುತ್ತಾಳೆ. ಮದುವೆ ಮನೆಯಲ್ಲೂ ಅದೇ ಮಾತು. ಅವಳ ಪಕ್ಕ ಊಟಕ್ಕೆ ಕೂತವರ ಕಥೆ ಮುಗಿಯಿತು ಎಂದು ನಾನು ಚುಡಾಯಿಸುತ್ತಿದ್ದೆ.

ಅವಳನ್ನು ಸಾಕಿ ಓದಿಸಿದವರು ನಮ್ಮ ಯಜಮಾನರು. ತಂದೆ ತೀರಿಕೊಂಡಾಗ ಅವಳಿನ್ನೂ ಅಣ್ಣನ ಬೆರಳು ಹಿಡಿದು ನಡೆಯುವ ಮಗು. ಯಜಮಾನರಿಗೆ ತಂಗಿಯನ್ನು ಬಿಟ್ಟರೆ ಇದ್ದ ಹೆಮ್ಮೆಯೆಂದರೆ ಬೀಜ. ಸುತ್ತಲಿನವರೆಲ್ಲ ಬಿತ್ತನೆಗೆ ನಮ್ಮ ಹೊಲದ ಗೋಧಿಯನ್ನೇ ಒಯ್ಯುತ್ತಿದ್ದರು. ಅಳೆದು ಕೊಡುವಾಗ ಅವರ ಮುಖ ನೋಡಬೇಕಿತ್ತು.

ಕಳೆದ ವರ್ಷ ತೆನೆ ಹೊರಡುವ ಹೊತ್ತಿಗೆ ನಾದಿನಿ ಬಂದು ಹೊಲದೊಳಗೆ ಹೊಕ್ಕಳು. ಹೊರಬಂದಾಗ ಕೈಯಲ್ಲಿ ಒಂದು ಹಿಡಿ ಹುಲ್ಲಿತ್ತು. ತೆನೆ ಬರುವವರೆಗೂ ಥೇಟ್ ಗೋಧಿಯಂತೆಯೇ ಕಾಣುವ ಕಳೆ ಅದು.

“ಅಣ್ಣ, ವರ್ಷಾ ವರ್ಷಾ ಒಂದೇ ಔಷಧಿ ಹೊಡೆದೆ. ಈಗ ಇದು ಅದಕ್ಕೆ ಸಾಯಲ್ಲ. ಅದು ಬೀಜ ಉದುರಿಸೋ ಮುಂಚೆ, ಹಸಿರಿರುವಾಗ್ಲೇ ಗೋಧಿ ಸಮೇತ ಎಲ್ಲಾ ಕೊಯ್ದು ದನಕ್ಕೆ ಹಾಕಿಬಿಡು.”

“ಕಳೆ ಕಿತ್ತು ಹಾಕ್ತೀನಿ ಬಿಡು.”

“ಕಣ್ಣಿಗೆ ಬಿದ್ದಿದ್ದನ್ನ ಕೀಳ್ತೀಯ. ಬೀಳದೆ ಇರೋದು?”

ಯಜಮಾನರು ಕೊಯ್ಯಲಿಲ್ಲ. ಸೊಂಟ ಬಿದ್ದುಹೋಗುವ ಹಾಗೆ ಬಗ್ಗಿ ಬಗ್ಗಿ ಕಿತ್ತರು. ನಾನೂ ಜೊತೆಗೂಡಿದೆ.

ಕೊಯ್ಲಿಗೆ ಮುಂಚೆ ಕೇಂದ್ರದಲ್ಲಿ ಸಭೆ ನಡೆಯಿತು. ಯಾರೋ ಎದ್ದು ಕೇಳಿದರು. “ಈ ಸಲಾನೂ ಬೀಜ ನಿಮ್ಮ ಅಣ್ಣನ ಹತ್ರಾನೇ ತಾನೇ?”

ಯಜಮಾನರು ಮುಂದಿನ ಸಾಲಿನಲ್ಲೇ ಕೂತಿದ್ದರು. ನಾದಿನಿ ಮೇಜಿನ ಅಂಚನ್ನು ಹಿಡಿದುಕೊಂಡಳು.

“ಬೇಡ. ಅಣ್ಣನ ಹೊಲದಲ್ಲಿ ಕಳೆ ಇದೆ. ಆ ಬೀಜ ಒಯ್ದರೆ ನಿಮ್ಮ ಹೊಲಕ್ಕೂ ಬರುತ್ತೆ.”

ಯಜಮಾನರು ಎದ್ದು ಮನೆಗೆ ಬಂದರು. ಆಮೇಲೆ ತಂಗಿಯ ಸುದ್ದಿ ಎತ್ತಲಿಲ್ಲ. ನನಗಂತೂ ಮೈಯೆಲ್ಲ ಉರಿಯಿತು. ಉಂಡ ಮನೆಗೇ ಎರಡು ಬಗೆದಳು ಎಂದು ಕಂಡಕಂಡವರ ಮುಂದೆಲ್ಲ ಆಡಿದೆ. ಅವಳು ಮನೆಗೆ ಬಂದರೆ ಯಜಮಾನರು ಹಿತ್ತಲಿಗೆ ಹೋಗುತ್ತಿದ್ದರು. ಅವಳು ನಾನು ಕೊಟ್ಟ ನೀರು ಕುಡಿದು, ಒಂದಿಷ್ಟು ಹೊತ್ತು ಕೂತು ಹೋಗುತ್ತಿದ್ದಳು.

ಬಿತ್ತನೆ ಹತ್ತಿರ ಬಂತು. ನಡುಮನೆಯಲ್ಲಿ ಪೇರಿಸಿದ್ದ ಚೀಲಗಳನ್ನು ಕೇಳುವವರೇ ಇರಲಿಲ್ಲ. ಒಂದು ಬೆಳಿಗ್ಗೆ ಯಜಮಾನರ ಬಾಲ್ಯದ ಗೆಳೆಯ ಬಂದ.

“ಅವಳು ಹುಡುಗಿ, ಏನೋ ಅಂದ್ಲು. ನಂಗೆ ನಿನ್ನ ಬೀಜಾನೇ ಬೇಕು ಕಣೋ.”

ನನಗೆ ಹೋದ ಜೀವ ಬಂದಂತಾಯಿತು. ಯಜಮಾನರು ಲಗುಬಗೆಯಿಂದ ಚೀಲ ಬಿಚ್ಚಿ, ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿದರು. ಅಷ್ಟು ಕಿತ್ತಿದ್ದರೂ ಗೋಧಿಯ ನಡುವೆ ಕಪ್ಪಗೆ ಕಳೆಯ ಬೀಜ ಕಾಣುತ್ತಿತ್ತು. ಗೆಳೆಯ ನೋಡಿದರೂ ನೋಡದವನಂತೆ ನಿಂತಿದ್ದ. ಯಜಮಾನರು ಕಾಳನ್ನು ಒಳಗೆ ಸುರಿದು ಚೀಲದ ಬಾಯಿ ಕಟ್ಟಿದರು.

“ಬೇಡಪ್ಪ. ಇದು ಹಿಟ್ಟಿಗಷ್ಟೇ. ಬೀಜ ಎಲ್ಲಿ ಸಿಗುತ್ತೆ ಅಂತ ನನ್ನ ತಂಗೀನೇ ಕೇಳು.”

ಅವನು ಹೋದ ಮೇಲೆ ತಾವೇ ಫೋನ್ ಎತ್ತಿಕೊಂಡರು. “ನಾನು ಕಣಮ್ಮ. ಆ ಹೊಲಕ್ಕೆ ಈ ಸಲ ಬೇರೆ ಬೀಜ ತಂದು ಗೋಧಿ ಹಾಕಲಾ?”

ಬಹಳ ಹೊತ್ತು ಕಿವಿಗಿಟ್ಟುಕೊಂಡೇ ನಿಂತಿದ್ದರು. ಕೊನೆಗೆ “ಆಯ್ತು” ಎಂದು ಇಟ್ಟರು.

“ಏನಂದ್ಲು?” ಎಂದೆ.

“ಕಳೆ ಬೀಜ ಮಣ್ಣಲ್ಲೂ ಉದುರಿದೆ, ಎರಡು ವರ್ಷ ಗೋಧಿ ಬೇಡ, ಕಡಲೆ ಹಾಕು ಅಂದ್ಲು.” ಕಣ್ಣು ಒರೆಸಿಕೊಂಡರು. “ಅಳ್ತಾ ಇದ್ಲು ಕಣೆ. ಅಳ್ತಾನೇ ಬೇಡ ಅಂದ್ಲು.”