ದ್ಯಾಮಕ್ಕನ ಗುಂಡಪ್ಪ

ಕಾನಹೊಸಹಳ್ಳಿ ಸುತ್ತಿನ ಊರುಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಬೇಕಾದರೆ ದ್ಯಾಮಕ್ಕ ಬರಬೇಕು. ಅವಳೊಬ್ಬಳು ಬಂದರೆ ಸಾಲದು, ಅವಳ ಗುಂಡಪ್ಪನೂ ಬರಬೇಕು. ಬೇರೆ ಕಡೆ ಅಡುಗೆಮನೆಯ ಗುಂಡುಕಲ್ಲಿಗೆ ಕುಲಾವಿ ಹಾಕಿ, ಕಾಡಿಗೆ ತೀಡಿ, ಕೂಸಿಗಿಂತ ಮೊದಲು ಅದನ್ನೇ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಅಂತ. ದ್ಯಾಮಕ್ಕನ ಗುಂಡಪ್ಪ ಮಾತ್ರ ಕಬ್ಬಿಣದವನು. ನಲವತ್ತು ವರ್ಷದ ಹಿಂದೆ ಅವಳ ಗಂಡ ಚೌಡಣ್ಣನಿಗೆ ಗುಡ್ಡದ ಹಾಳು ಕೋಟೆಯ ಬುಡದಲ್ಲಿ ಮಣ್ಣು ಅಗೆಯುವಾಗ ಸಿಕ್ಕಿದ್ದು, ತೆಂಗಿನಕಾಯಿಯಷ್ಟು ದಪ್ಪ.

"ನಿನ್ನಷ್ಟೇ ಗಟ್ಟಿ ಐತಿ ನೋಡು" ಎಂದು ಕೈಗಿಟ್ಟು ನಕ್ಕಿದ್ದ. ಪುಣ್ಯಾತ್ಮ ಹೋದ, ಗುಂಡು ಉಳಿಯಿತು.

ದ್ಯಾಮಕ್ಕನ ಬಾಯಿ ಜೋರು, ಕರುಳು ಬೆಣ್ಣೆ. ಗುಂಡಪ್ಪ ಮಲಗೆದ್ದ ಜಾಗಕ್ಕೇ ಕೂಸು ಬರುತ್ತದಲ್ಲ, ಅದು ತಣ್ಣಗಿರಬಾರದೆಂದು ಗುಂಡನ್ನು ಲೋಬಾನದ ಕೆಂಡದ ಪಕ್ಕ ಇಟ್ಟು ಬೆಚ್ಚಗೆ ಮಾಡುವಳು. ನಲವತ್ತು ವರ್ಷ ಹೀಗೇ ಮಾಡಿದಳು. ಅಕ್ಕರೆಗೆ ಕಣ್ಣಿಲ್ಲ ನೋಡಿ.

ಮೊನ್ನೆ ಶ್ರಾವಣದಲ್ಲಿ ಸುಮಲತಾಳ ಮಗಳ ತೊಟ್ಟಿಲು. ಎರಡು ಬಸಿರು ನಿಲ್ಲದೆ ಹೋದ ಮೇಲೆ ದಕ್ಕಿದ ಕೂಸು. ಅದಕ್ಕೇ ದ್ಯಾಮಕ್ಕ ಹಿಂದಿನ ದಿನ ಗುಂಡಪ್ಪನಿಗೆ ಹುಣಸೆಹಣ್ಣು ಹಚ್ಚಿ, ವರ್ಷಗಳ ಎಣ್ಣೆ ಜಿಡ್ಡೆಲ್ಲ ಹೋಗುವಂತೆ ತಿಕ್ಕಿದ್ದಳು. ಬೆಳಿಗ್ಗೆ ಕೆಂಡದ ಪಕ್ಕ ಇಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಾಡಿಗೆ ತೀಡುತ್ತ ಕೂತಳು.

ಸುಮಲತಾಳ ಸೋದರಮಾವ ಹೊನ್ನೂರಸ್ವಾಮಿ ಫಿರಂಗಿ ದಳದಲ್ಲಿದ್ದು ನಿವೃತ್ತನಾದ ಸೈನಿಕ. ಕೂಸಿಗೆ ಬೆಳ್ಳಿ ಉಡಿದಾರ ಹಿಡಿದು ಒಳಗೆ ಬಂದವನು ಅಲ್ಲೇ ನಿಂತುಬಿಟ್ಟ. ಜಿಡ್ಡು ಹೋದ ಗುಂಡಿನ ನೆತ್ತಿಯಲ್ಲಿ ಹೆಬ್ಬೆರಳಗಲದ ತೂತು, ಅದರೊಳಗೆ ಕರ್ರಗಾದ ಮರದ ಬಿರಡೆ.

"ದ್ಯಾಮಕ್ಕ, ಅದನ್ನ ಮುಟ್ಟಬ್ಯಾಡ್ರಿ. ಕೂಸಿನ್ನ ಎತ್ತಿಕೊಂಡು ಸುಮ್ಮನ ಹೊರಗ ನಡೀರಿ."

"ಯಾಕೋ ತಮ್ಮಾ? ನನ್ನ ಗುಂಡಪ್ಪ ಅದು."

"ಗುಂಡಪ್ಪ ಅಲ್ಲಬೇ, ತೋಪಿನ ಗುಂಡು! ಒಳಗ ಮದ್ದು ತುಂಬೈತಿ. ಕೆಂಡದ ಕಾವು ಹತ್ತಿದ್ರ ಮನೀನ ಉಳಿಯಾಂಗಿಲ್ಲ."

ದ್ಯಾಮಕ್ಕ ಎದ್ದಳು. ಕೂಸನ್ನು ಎದೆಗೆ ಅವುಚಿಕೊಂಡು, ಬೆನ್ನನ್ನು ಗುಂಡಿನ ಕಡೆ ಮಾಡಿಕೊಂಡು ಹೊಸ್ತಿಲು ದಾಟಿದಳು. ಬೆನ್ನಿಗೆ ಏನಾದರೂ ಆಗಲಿ ಎಂಬಂತೆ ನಡೆದಳು.

ಕೇರಿಯ ಜನರೆಲ್ಲ ಕೆರೆ ಏರಿಯ ಆಚೆ ಹೋಗಿ ಕೂತರು. ಹೊನ್ನೂರಸ್ವಾಮಿ ಪೊಲೀಸರಿಗೆ ಫೋನ್ ಮಾಡಿದ, ಯಾರನ್ನೂ ಮನೆಯತ್ತ ಬಿಡಲಿಲ್ಲ. ಕೆಂಡ ಇನ್ನೂ ಉರಿಯುತ್ತಿದೆಯೋ, ಆರಿತೋ, ನೋಡಿ ಹೇಳುವವರಿಲ್ಲ. ದ್ಯಾಮಕ್ಕ ತಾನು ತೊಟ್ಟಿಲಿಗೆ ಹಾಕಿದ ಕೂಸುಗಳನ್ನು ಹೆಸರು ಹಿಡಿದು ಎಣಿಸುತ್ತಿದ್ದಳು. ಪಾಲಾಕ್ಷಪ್ಪನ ಅವಳಿ, ಮಾಳಮ್ಮನ ಮಗಳು, ತಿಪ್ಪೇಶ, ಕೊನೆಗೆ ತನ್ನದೇ ಮಗ ಶ್ರೀನಾಥ. ಎಲ್ಲರ ಮಗ್ಗುಲಿಗೂ ಸಾವನ್ನು ಬೆಚ್ಚಗೆ ಮಾಡಿ ತಂದಿಟ್ಟವಳು ತಾನೇ.

ಮಧ್ಯಾಹ್ನ ಬಾಂಬ್ ದಳದವರು ಬಂದು ಗುಂಡನ್ನು ಮರಳಿನ ಪೆಟ್ಟಿಗೆಯಲ್ಲಿಟ್ಟು ದೂರದ ಬಯಲಿಗೆ ಒಯ್ದರು. ಅಲ್ಲಿ ಸಿಡಿಸಿದ ಸದ್ದಿಗೆ ಏರಿಯ ಮೇಲಿನ ನೆಲ ಅದುರಿತು. ಕೂಸು ಬೆಚ್ಚಿ ಅತ್ತಿತು. ಅದರ ಅಳು ಕೇಳಿ ದ್ಯಾಮಕ್ಕನೂ ಅತ್ತಳು.

ವಾರದ ಮೇಲೆ ಸುಮಲತಾ ತಾನೇ ಬಂದು ಕರೆದಳು. "ಬಾ ಅಮ್ಮಾ, ಕೂಸು ಇನ್ನೂ ತೊಟ್ಟಿಲು ಏರಿಲ್ಲ. ನೀನು ಹಾಕಿದ್ರನ ಹೆಸರು ಇಡೋದು." ದ್ಯಾಮಕ್ಕ ಹೋದಳು. ಅಡುಗೆಮನೆಯಿಂದ ಮಸಾಲೆ ಅರೆಯುವ ಗುಂಡುಕಲ್ಲು ತಂದುಕೊಟ್ಟರು. ಅವಳು ಕುಲಾವಿ ಹಾಕಲಿಲ್ಲ. ಕಲ್ಲನ್ನು ಬೆಳಕಿಗೆ ಹಿಡಿದು, ಸುತ್ತಲೂ ಹೆಬ್ಬೆರಳು ಆಡಿಸಿ ತೂತು ಹುಡುಕಿದಳು. ಒಂದು ಸಲ, ಎರಡು ಸಲ, ಮೂರು ಸಲ.

"ಕಲ್ಲಿಗೆ ಎಲ್ಲೀ ತೂತಬೇ?" ಎಂದು ಯಾರೋ ನಕ್ಕರು.

"ನಂಗೂ ಹಂಗ ಅನಿಸಿತ್ತವ್ವ, ನಲವತ್ತು ವರ್ಷ" ಎಂದಳು ದ್ಯಾಮಕ್ಕ, ಮತ್ತೊಮ್ಮೆ ತಿರುಗಿಸಿ ನೋಡುತ್ತ.