ಸೋಪಿನ ನೀರಿಗೆ ಬಿದ್ದ ಸೈನ್ಯ

ಗಡಿಯಾರ ರಿಪೇರಿಯವರು ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡರೆ ಇಡೀ ಬೀದಿ ಉಸಿರು ಬಿಗಿಹಿಡಿಯುತ್ತಿತ್ತಂತೆ. ಆ ಕಣ್ಣಿಗೆ ಹೆದರಿ, ಕೆಟ್ಟು ನಿಂತ ಗಡಿಯಾರಗಳು ತಾವಾಗಿ ತಪ್ಪೊಪ್ಪಿಕೊಂಡು ಓಡತೊಡಗುತ್ತಿದ್ದವಂತೆ. ಅದನ್ನು ತೆಗೆಯಲು ಮರೆತು ಊಟಕ್ಕೆ ಕೂತು, ಅನ್ನದ ಅಗುಳುಗಳನ್ನು ಒಂದೊಂದಾಗಿ ವಿಚಾರಣೆ ಮಾಡಿದ್ದುಂಟು ಎನ್ನಲು ಅವರ ಹೆಂಡತಿಯೇ ಸಾಕ್ಷಿ.

ಇಂಥ ಮಹಾನುಭಾವರನ್ನು ಹಿತ್ತಿಲಿಗೆ ಎಳೆದದ್ದು ಅಲಸಂದೆ ಬಳ್ಳಿ. ಅದು ಹೆಂಡತಿಯ ತವರಿನ ತಳಿ. ತಾಯಿ ತೀರಿಕೊಂಡ ಮೇಲೆ ಉಳಿದಿದ್ದ ಒಂದೇ ಹಿಡಿ ಬೀಜವನ್ನು ಆಕೆ ಪೂರ್ತಿ ಬಿತ್ತಿಬಿಟ್ಟಿದ್ದರು. ಕಾಯಿ ಕಚ್ಚಿದರೆ ತಳಿ ಉಳಿಯಿತು, ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಈಗ ನೋಡಿದರೆ ಕುಡಿಗಳ ತುಂಬ ರಸ ಹೀರುವ ಕಪ್ಪು ಹೇನು.

"ಔಷಧಿ ಹೊಡೆದ್ಬಿಡೋಣ ಕಣ್ರೀ."

"ಬೇಡ ಕಣೇ. ಹೇನು ತಿನ್ನೋ ಗುಲಗಂಜಿ ಹುಳುನೂ ಸಾಯುತ್ತೆ. ಔಷಧಿಗೆ ಕಣ್ಣಿಲ್ಲ, ನನಗಿದೆ. ಒಳ್ಳೆಯವ್ರು ಯಾರು, ಕೆಟ್ಟವ್ರು ಯಾರು, ನಾನು ನೋಡ್ಕೋತೀನಿ."

ಚಿಮುಟ ಹಿಡಿದು ರಣರಂಗಕ್ಕಿಳಿದರು. ಕೆಂಪು ಬೆನ್ನಿಗೆ ಕರಿ ಚುಕ್ಕಿಯಿಟ್ಟ ಗುಲಗಂಜಿ ಹುಳುಗಳಿಗೆ ರಾಜಮರ್ಯಾದೆ. ಅವು ಕೂತ ಎಲೆಯನ್ನೂ ಅಲುಗಿಸಲಿಲ್ಲ. ಆದರೆ ಹೇನುಗಳ ನಡುವೆ ಬೇರೊಬ್ಬ ಓಡಾಡುತ್ತಿದ್ದ: ಮೈಯೆಲ್ಲ ಮುಳ್ಳು, ಮೊಸಳೆಯಂಥ ಕರಿ ಆಕಾರ, ಆರು ಕಾಲು.

"ಮುಖ ನೋಡಿದ್ರೇ ಗೊತ್ತಾಗುತ್ತೆ, ಹೇನಿನ ಸರದಾರ ಇವನೇ!"

ಸರದಾರರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೆಕ್ಕಿ ಸೋಪಿನ ನೀರಿನ ಬಟ್ಟಲಿಗೆ ಇಳಿಸಿದರು. ಗಿರಾಕಿಗಳಿಗೆ ತೋರಿಸಲೆಂದು ಒಬ್ಬನನ್ನು ಮಾತ್ರ ಅಂಗಡಿಯ ಮೇಜಿನ ಮೇಲೆ ಗಡಿಯಾರದ ಗಾಜಿನಡಿ ಸೆರೆಯಲ್ಲಿಟ್ಟರು. ಅದು ಗಾಜಿಗೆ ಬಾಲ ಅಂಟಿಸಿ ಮುದುಡಿಕೊಂಡಿತು. "ಪೀಡೆ ತೊಲಗಿತು" ಎಂದು ಅದನ್ನು ಮರೆತರು.

ಹಿತ್ತಿಲಲ್ಲಿ ಮಾತ್ರ ಯಾವ ಪೀಡೆಯೂ ತೊಲಗಲಿಲ್ಲ. ಸರದಾರರು ಸತ್ತಷ್ಟೂ ಹೇನು ಹೆಚ್ಚಿತು. ಎಲೆ ಮುರುಟಿತು, ಹೂವು ಉದುರಿತು.

ಒಂದು ಬೆಳಿಗ್ಗೆ ಗಾಜಿನಡಿ ಖಾಲಿ ಚರ್ಮ ಬಿದ್ದಿತ್ತು. ಪಕ್ಕದಲ್ಲಿ ಹೊಚ್ಚಹೊಸ ಗುಲಗಂಜಿ ಹುಳು ಕೂತಿತ್ತು. ಗಡಿಯಾರದವರು ಭೂತಗನ್ನಡಿ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹುಳು ಬದಲಾಗಲಿಲ್ಲ.

ಎದ್ದು ಹಿತ್ತಿಲಿಗೆ ಹೋದರು. ಬಟ್ಟಲಿನ ತುಂಬ ಗುಲಗಂಜಿಯ ಮಕ್ಕಳು ತೇಲುತ್ತಿದ್ದವು. ಒಂದನ್ನು ಚಿಮುಟದಿಂದ ಎತ್ತಿ ಅಂಗೈ ಮೇಲಿಟ್ಟು ಮೆಲ್ಲಗೆ ಊದಿದರು. ಅಲುಗಲಿಲ್ಲ. ನಿಂತ ಗಡಿಯಾರವಾಗಿದ್ದರೆ ಬಿಚ್ಚಿ ನೋಡಬಹುದಿತ್ತು. ಕೊನೆಗೆ ಸೆರೆಯಾಳನ್ನು ತಂದು ಒಣಗಿದ ಕುಡಿಯ ಮೇಲೆ ಬಿಟ್ಟರು. ಅದು ತುದಿಯವರೆಗೆ ನಡೆದು, ಸುತ್ತ ನೋಡಿ, ಗೋಡೆಯಾಚೆಗೆ ಹಾರಿಹೋಯಿತು.

ಹೆಂಡತಿ ಬಳ್ಳಿಯ ಬುಡದಲ್ಲಿ ಕೂತು, ಒಂದಾದರೂ ಕಾಯಿ ಇದೆಯೇ ಎಂದು ಎಲೆ ಸರಿಸಿ ಸರಿಸಿ ನೋಡಿದರು. ಇರಲಿಲ್ಲ.

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ರೀ! ಅಷ್ಟು ದೊಡ್ಡದಾಗಿ ತೋರ್ಸೋ ಗಾಜು ಹಾಕ್ಕೊಂಡು ನೋಡಿದ್ರಿ. ಅವುಗಳ ಮರಿ ಅಂತ ಗೊತ್ತಾಗ್ಲಿಲ್ವಾ?"

ಗಡಿಯಾರದವರು ಖಾಲಿ ಚಿಮುಟವನ್ನು ಜೇಬಿಗಿಳಿಸಿದರು.

"ಗಡಿಯಾರಕ್ಕೆ ಮರಿ ಇರಲ್ಲ ಕಣೇ."