ಬಲತೋಳಿನ ಅಳತೆ

ಅತ್ತೆ ಹೊಲಿಗೆಯವಳು. ತಮ್ಮನ ಮಗಳು ನಾಲ್ಕನೇ ವಯಸ್ಸಿಗೆ ಟೆನಿಸ್ ರಾಕೆಟ್ಟು ಹಿಡಿದಾಗಿನಿಂದ ಅವಳ ಅಂಗಿಗಳನ್ನೆಲ್ಲ ಇವಳೇ ಹೊಲಿದಿದ್ದಾಳೆ. ಬೇರೆ ಯಾವ ಆಟವೂ ಆ ಹುಡುಗಿಗೆ ಗೊತ್ತಿಲ್ಲ. ಈಗ ಹದಿಮೂರು. ಬಲತೋಳು ಎಡದ್ದಕ್ಕಿಂತ ಎರಡು ಬೆರಳು ದಪ್ಪ, ಭುಜದಲ್ಲಿ ಬಿಡದ ನೋವು.

“ಅಕ್ಕಾ, ಬಲತೋಳು ಸಡಿಲ ಇರ್ಲಿ, ಮುಂದಿನ ವಾರ ಪಂದ್ಯ. ನೋವಂತೆ ನೋವು, ಬರೀ ನಾಟಕ!” ಎಂದು ತಮ್ಮ ಗಾಡಿ ತಿರುಗಿಸಲು ಹೋದ.

ಟೇಪು ಸುತ್ತುವಾಗ ಹುಡುಗಿ ಪಿಸುಗುಟ್ಟಿದಳು: “ಅತ್ತೆ, ಕೈ ಎತ್ತೋಕೇ ಆಗದ ಹಾಗೆ ಬಿಗಿಯಾಗಿ ಹೊಲಿ. ಆಗ ಅಪ್ಪ ಆಡು ಅನ್ನಲ್ಲ.”

“ಹೊಲಿಗೆ ಬಿಚ್ಚಿಸ್ತಾನೆ ಕಣೇ, ನಿನ್ನನ್ನ ಬಿಡಲ್ಲ.”

ಆ ಕೈ ಇನ್ನೂ ದಪ್ಪವಾಗುತ್ತದೆಂದು ಅತ್ತೆ ಎಂದಿನಂತೆ ಅಂಗಿಯ ಬಲತೋಳಿನೊಳಗೆ, ಮುಂದೆ ಬಿಚ್ಚಿ ಸಡಿಲಿಸಲು, ಅರ್ಧ ಇಂಚು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿದಳು.